ಕೋವಿ ಹಿಡಿಯಲೊಲ್ಲದವರು

2022ರ ಫೆಬ್ರವರಿಯಲ್ಲಿ ರಷ್ಯದ ಸೇನೆ ಯುಕ್ರೇನಿನ ಗಡಿಯನ್ನು ದಾಟಿ ನುಗ್ಗಿದಾಗ, ಆ ಎರಡು ದೇಶಗಳಿಗೂ ಸಮ್ಮತವಾದ ಮಾತು ಒಂದಾದರೂ ಉಳಿದಿದೆಯೆಂದು ಯಾರೂ ಭಾವಿಸುವಂತಿರಲಿಲ್ಲ. ಆದರೆ ಎರಡರ ಸಂವಿಧಾನಗಳನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದವರಿಗೆ ಒಂದು ವಿಷಯದಲ್ಲಿ ಅವು ಒಂದೇ ದಾರಿ ಹಿಡಿದಿರುವುದು ಕಂಡುಬರುತ್ತದೆ. ಸೇನೆಗೆ ಸೇರುವುದು ಧಾರ್ಮಿಕ ನಂಬಿಕೆಗೆ ವಿರುದ್ಧವಾದಲ್ಲಿ ಪ್ರಜೆಯು ಅದಕ್ಕೆ ಬದಲಾಗಿ ಸೈನಿಕೇತರವಾದ ಬೇರೊಂದು ಸೇವೆಯನ್ನು ಸಲ್ಲಿಸಬಹುದೆಂದು ಯುಕ್ರೇನಿನ ಸಂವಿಧಾನದ 35ನೆಯ ವಿಧಿ ಹೇಳುತ್ತದೆ. ರಷ್ಯದ ಸಂವಿಧಾನದ 59ನೆಯ ವಿಧಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಧರ್ಮದ ಜೊತೆಗೆ ವ್ಯಕ್ತಿಯ ಸ್ವಂತ ನಿಶ್ಚಯಕ್ಕೂ ಈ ಮನ್ನಣೆಯನ್ನು ಕೊಟ್ಟಿದೆ.

ಯುದ್ಧ ಬಂದಿತು. ಎರಡು ಕಡೆಯೂ ಜನರನ್ನು ಸೇನೆಗೆ ಕರೆಯತೊಡಗಿದರು. ಆಗ ಆ ವಿಧಿಗಳನ್ನು ನೆನಪಿಸಿದವರಿಗೆ ಎರಡು ಕಡೆಯಿಂದಲೂ ದೊರೆತ ಉತ್ತರ ಹೆಚ್ಚು ಕಡಮೆ ಒಂದೇ: ಬದಲಿ ಸೇವೆಯೆಂಬುದು ಶಾಂತಿಕಾಲದಲ್ಲಿ ಹರೆಯದವರನ್ನು ತರಬೇತಿಗೆ ಕರೆಯುವ ಸಂದರ್ಭಕ್ಕೆ ಹೇಳಿದ ಮಾತು, ಯುದ್ಧಕಾಲದ ಕರೆಗೆ ಅದು ಅನ್ವಯಿಸದು. ಯುಕ್ರೇನಿನಲ್ಲಿ ಕರೆಗೆ ಓಗೊಡದವನಿಗೆ ದಂಡಸಂಹಿತೆಯ 336ನೆಯ ವಿಧಿಯ ಮೇರೆಗೆ ಮೂರರಿಂದ ಐದು ವರ್ಷಗಳ ಸಜೆ. ಶಾಂತಿಯಿದ್ದ ಕಾಲದಲ್ಲಿಯೂ ಅಲ್ಲಿ ಈ ಹಕ್ಕು ಹತ್ತು ಧಾರ್ಮಿಕ ಪಂಗಡಗಳ ಒಂದು ಪಟ್ಟಿಗೆ ಸೀಮಿತವಾಗಿತ್ತು. ಆ ಪಟ್ಟಿಯ ಹೊರಗಿನವನಿಗೆ ಮನಸ್ಸಾಕ್ಷಿಯೇ ಇರಲಾರದೆಂದು ಸರ್ಕಾರ ತಿಳಿದಿತ್ತೋ ಏನೋ. ಅಂತೂ, ಹೊಳೆಯಲ್ಲಿ ನೀರಿಲ್ಲದಾಗ ಮಾತ್ರ ದೋಣಿ ಬಿಡುವೆನೆಂದ ಅಂಬಿಗನ ಮಾತಿನಂತಾಯಿತು ಈ ವಿಧಿಗಳ ಸ್ಥಿತಿ. ಕೊಲ್ಲಲಾರೆನೆನ್ನುವವನಿಗೆ ಅದನ್ನು ಹೇಳಬೇಕಾದ ಪ್ರಸಂಗ ಬರುವುದೇ ಯುದ್ಧಕಾಲದಲ್ಲಿ. ಆ ಕಾಲಕ್ಕೆ ಸಲ್ಲದ ಹಕ್ಕನ್ನು ಹಕ್ಕೆಂದು ಕರೆಯಬಹುದೆ ಎಂಬುದೇ ಇಲ್ಲಿ ವಿಚಾರ ಮಾಡತಕ್ಕ ಪ್ರಶ್ನೆ.

ಈ ಜನರಿಗೆ ಇಂಗ್ಲಿಷಿನಲ್ಲಿ ಇರುವ ಹೆಸರು ಹುಟ್ಟಿದ್ದು ಯುದ್ಧದ ಸಂದರ್ಭದಲ್ಲಲ್ಲ. ಮಕ್ಕಳಿಗೆ ಸಿಡುಬಿನ ದಾಕು ಹಾಕಿಸುವುದು ಇಂಗ್ಲೆಂಡಿನಲ್ಲಿ ಕಡ್ಡಾಯವಾಗಿದ್ದ ಕಾಲದಲ್ಲಿ, ಮನಸ್ಸು ಒಪ್ಪದ ತಂದೆತಾಯಿಗಳಿಗೆ 1898ರ ಕಾನೂನು ವಿನಾಯಿತಿಯನ್ನು ಕೊಟ್ಟಿತು. ಅಂಥ ತಂದೆತಾಯಿಗಳನ್ನು ಕುರಿತು ಬಳಕೆಗೆ ಬಂದ ‘ಮನಸ್ಸಾಕ್ಷಿಯಿಂದ ಆಕ್ಷೇಪಿಸುವವರು’ ಎಂಬರ್ಥದ ಮಾತು ಹದಿನೆಂಟು ವರ್ಷಗಳ ಮೇಲೆ ಕೋವಿ ಹಿಡಿಯಲೊಲ್ಲದವರ ಹೆಗಲೇರಿತು. ಆ ಹೆಸರು ನಮ್ಮ ಭಾಷೆಗೆ ಅಷ್ಟು ಸಲೀಸಾಗಿ ಇಳಿಯುವುದಿಲ್ಲ. ಆದರೆ ಕನ್ನಡಕ್ಕೆ ಬೇರೊಂದು ಸೌಲಭ್ಯವುಂಟು. ನಮ್ಮಲ್ಲಿ ‘ಆರೆ’ ಎಂಬ ಕ್ರಿಯಾಪದ ಬೇರೆ, ‘ಒಲ್ಲೆ’ ಎಂಬುದು ಬೇರೆ. ಮಾಡಲಾರೆನೆಂದರೆ ಶಕ್ತಿಯಿಲ್ಲವೆಂದು, ಮಾಡಲೊಲ್ಲೆನೆಂದರೆ ಮನಸ್ಸಿಲ್ಲವೆಂದು. ತರಗತಿಯಲ್ಲಿ ವ್ಯಾಕರಣ ಹೇಳುವಾಗ ಇದನ್ನು ಎರಡು ನಿಮಿಷಗಳಲ್ಲಿ ಮುಗಿಸಿಬಿಡುತ್ತೇವೆ. ಸೈನ್ಯಕ್ಕೆ ಜನವನ್ನು ಆರಿಸುವ ಅಧಿಕಾರಿಗೂ ‘ಆರೆ’ ತಿಳಿಯುತ್ತದೆ: ಕುಂಟನನ್ನೂ ಕ್ಷಯರೋಗಿಯನ್ನೂ ಅವನು ಮನೆಗೆ ಕಳುಹಿಸುತ್ತಾನೆ. ‘ಒಲ್ಲೆ’ಯೂ ತಿಳಿಯುತ್ತದೆ, ಅದಕ್ಕೆ ಅವನಲ್ಲಿ ಸೆರೆಮನೆಯುಂಟು. ಅವನಿಗೆ ತಿಳಿಯದಿರುವುದು ಮೂರನೆಯ ಸ್ಥಿತಿ. ಕೈಕಾಲು ನೆಟ್ಟಗಿದ್ದೂ, ಹೆದರಿಕೆಯಿಲ್ಲದೆಯೂ, ‘ಇದನ್ನು ಮಾಡಿದರೆ ನಾನು ನಾನಾಗಿ ಉಳಿಯಲಾರೆ’ ಎನ್ನುವವನ ಮಾತು ಹೊರಗಿನವರ ಕಿವಿಗೆ ಒಲ್ಲೆನೆಂದೇ ಬೀಳುತ್ತದೆ. ಒಳಗೆ ಅದು ಆರೆನೆಂಬುದಾಗಿರುತ್ತದೆ. ಈ ಒಳಗನ್ನು ಹೊರಗಿನಿಂದ ಅಳೆಯಲು ಹೊರಟ ಸರ್ಕಾರಗಳ ಕಥೆಯೇ ಈ ವಿಷಯದ ಚರಿತ್ರೆ.

ಈ ಚರಿತ್ರೆಯನ್ನು ತಿಳಿಯಲು ಬ್ರಿಟನ್ನಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಒಂದೇ ದೇಶ, ಒಂದೇ ಶತ್ರು, ಇಪ್ಪತ್ತೈದು ವರ್ಷಗಳೊಳಗೆ ಎರಡು ಮಹಾಯುದ್ಧಗಳು, ಎರಡು ಬಗೆಯ ನಡವಳಿಕೆ.

1916ರ ಜನವರಿಯಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಡ್ಡಾಯ ಸೇನಾಸೇವೆಯ ಕಾನೂನನ್ನು ಅಂಗೀಕರಿಸಿತು. ಗೃಹಮಂತ್ರಿಯಾಗಿದ್ದ ಸರ್ ಜಾನ್ ಸೈಮನ್ ಅದನ್ನೊಪ್ಪದೆ ರಾಜೀನಾಮೆ ಕೊಟ್ಟರು. ಕ್ವೇಕರ್ ಪಂಥದ ಇಬ್ಬರು ಸದಸ್ಯರು ಶ್ರಮಪಟ್ಟು ಮನಸ್ಸಾಕ್ಷಿಯ ಒಂದು ಉಪವಿಧಿಯನ್ನು ಅದರಲ್ಲಿ ಸೇರಿಸಿದರು. ಹದಿನೆಂಟರಿಂದ ನಲವತ್ತೊಂದರವರೆಗಿನ ವಯಸ್ಸಿನ ಅವಿವಾಹಿತರೆಲ್ಲರೂ ಸೇನೆಗೆ ಸೇರಿದವರೆಂದೇ ಕಾನೂನು ಭಾವಿಸಿತು. ಕೆಲವು ತಿಂಗಳಲ್ಲಿ ವಿವಾಹಿತರಿಗೂ ಸರದಿ ಬಂದಿತು. ಒಪ್ಪದವನು ತನ್ನ ಊರಿನ ನ್ಯಾಯಮಂಡಲಿಯ ಮುಂದೆ ನಿಂತು ತನ್ನ ಮನಸ್ಸಾಕ್ಷಿಯನ್ನು ರುಜುವಾತುಪಡಿಸಬೇಕಾಗಿತ್ತು. ಮಂಡಲಿಯಲ್ಲಿದ್ದವರು ಬಹುಮಟ್ಟಿಗೆ ಊರಿನ ಪ್ರಮುಖರು: ವ್ಯಾಪಾರಿಗಳು, ಪುರಸಭೆಯ ಸದಸ್ಯರು, ನಿವೃತ್ತ ಅಧಿಕಾರಿಗಳು. ಪಕ್ಕದಲ್ಲಿ ಸೇನೆಯ ಪ್ರತಿನಿಧಿಯೊಬ್ಬ. ಮಂಡಲಿಯವರು ಕೆಟ್ಟವರೆಂದಲ್ಲ. ಹಲವರ ಮಕ್ಕಳು ಫ್ರಾನ್ಸಿನ ಕಂದಕಗಳಲ್ಲಿದ್ದರು. ಎದುರಿಗೆ ನಿಂತ ಗುಮಾಸ್ತನನ್ನೋ ಮಾಸ್ತರನನ್ನೋ ಅವರು ಕೇಳುತ್ತಿದ್ದ ಪ್ರಶ್ನೆ ಪ್ರಸಿದ್ಧವಾಗಿದೆ: ಜರ್ಮನನೊಬ್ಬನು ನಿನ್ನ ತಾಯಿಯ ಮೇಲೆ ಕೈಮಾಡಿದರೆ ಏನು ಮಾಡುವೆ? ತಡೆಯುವೆನೆಂದರೆ ನಿನ್ನ ತತ್ತ್ವ ಸುಳ್ಳು. ಸುಮ್ಮನಿರುವೆನೆಂದರೆ ನೀನು ಮನುಷ್ಯನೇ ಅಲ್ಲ. ಉತ್ತರವೇ ಇರಲಾರದಂತೆ ಕಟ್ಟಿದ ಪ್ರಶ್ನೆಯಿದು. ಯಾವ ಪರೀಕ್ಷಕನೂ ಇಂಥ ಪ್ರಶ್ನೆಪತ್ರಿಕೆಯನ್ನು ರಚಿಸಲಾರ!

ಆ ಯುದ್ಧದಲ್ಲಿ ಹೀಗೆ ಒಲ್ಲೆನೆಂದವರ ಸಂಖ್ಯೆ ಹದಿನಾರು ಸಾವಿರಕ್ಕೆ ಕಡಮೆಯಿಲ್ಲ. ಹೆಚ್ಚಿನವರು ಗಾಯಾಳುಗಳ ಸೇವೆಯನ್ನೋ ಬೇಸಾಯವನ್ನೋ ಇನ್ನಾವುದಾದರೂ ಬದಲಿ ಕೆಲಸವನ್ನೋ ಒಪ್ಪಿಕೊಂಡರು. ಯಾವುದನ್ನೂ ಒಪ್ಪದವರು, ಅಥವಾ ಮಂಡಲಿ ನಂಬದೆ ತಳ್ಳಿಹಾಕಿದವರು, ಸೈನಿಕರೆಂದು ಪರಿಗಣಿತರಾಗಿ ಸೇನೆಯ ಕೈಗೆ ಸಿಕ್ಕಿದರು. ಆರು ಸಾವಿರದಷ್ಟು ಜನ ಒಂದು ಸಲವಾದರೂ ಸೆರೆಮನೆಯನ್ನು ಕಂಡರು. ಅವರಲ್ಲಿ ಒಂದು ಗುಂಪಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

1916ರ ಮೇ ತಿಂಗಳಲ್ಲಿ, ಯಾರ್ಕ್‌ಷೈರಿನ ರಿಚ್ಮಂಡ್ ಕೋಟೆಯ ಕೋಣೆಗಳಲ್ಲಿ ಕೂಡಿಹಾಕಿದ್ದ ಹದಿನಾರು ಜನರನ್ನು ಬಲವಂತದಿಂದ ಫ್ರಾನ್ಸಿಗೆ ಸಾಗಿಸಿದರು. ಬೇರೆ ಶಿಬಿರಗಳಿಂದಲೂ ಕೆಲವರನ್ನು ಕಳುಹಿಸಿದ್ದರು. ಒಟ್ಟು ಐವತ್ತರಷ್ಟು ಜನ. ಹದಿನಾರು ಮಂದಿಯಲ್ಲಿ ಒಬ್ಬ ಶಾಲೆಯ ಉಪಾಧ್ಯಾಯ; ಇನ್ನೊಬ್ಬ ಸಂಡರ್ಲೆಂಡ್ ತಂಡದ ಎರಡನೆಯ ಸಾಲಿನಲ್ಲಿ ಕಾಲ್ಚೆಂಡು ಆಡುತ್ತಿದ್ದವನು. ಕ್ವೇಕರರೂ ಮೆಥಾಡಿಸ್ಟರೂ ಸಮಾಜವಾದಿಗಳೂ ಅದರಲ್ಲಿದ್ದರು. ಫ್ರಾನ್ಸಿಗೇ ಏಕೆ? ಅಲ್ಲಿ ಯುದ್ಧಭೂಮಿಯ ಕಾನೂನು ನಡೆಯುತ್ತಿತ್ತು. ಆಜ್ಞೆಯನ್ನು ಮೀರಿದವನಿಗೆ ಅಲ್ಲಿ ಮರಣದಂಡನೆಯನ್ನು ವಿಧಿಸಬಹುದಾಗಿತ್ತು. ಮನೆಯವರಿಗೆ ಸುದ್ದಿ ತಿಳಿಸುವಂತಿರಲಿಲ್ಲ. ಸೈನಿಕರಿಗೆ ಕೊಡುತ್ತಿದ್ದ ಕಾರ್ಡಿನಲ್ಲಿ ಕೆಲವು ವಾಕ್ಯಗಳು ಮೊದಲೇ ಅಚ್ಚಾಗಿರುತ್ತಿದ್ದವು. ಬೇಡದ ವಾಕ್ಯಗಳನ್ನು ಹೊಡೆದುಹಾಕಬಹುದೇ ವಿನಾ ಹೊಸದಾಗಿ ಒಂದಕ್ಷರವನ್ನೂ ಬರೆಯಕೂಡದು. ಅವರಲ್ಲೊಬ್ಬನು ವಾಕ್ಯಗಳನ್ನು ಬಿಟ್ಟು ಅಕ್ಷರಗಳನ್ನೇ ಹೊಡೆದುಹಾಕುತ್ತ ಹೋಗಿ, ಉಳಿದ ಅಕ್ಷರಗಳು ಕೂಡಿ ‘ಬೂಲೋನಿಗೆ ಕಳುಹಿಸುತ್ತಿದ್ದಾರೆ’ ಎಂಬ ಅರ್ಥ ಬರುವಂತೆ ಮಾಡಿ ಕಳುಹಿಸಿದನು. ನಮ್ಮ ಚಿತ್ರಕವಿಗಳಿಗೂ ಮೆಚ್ಚುಗೆಯಾಗಬಹುದಾದ ಕೆಲಸ. ಪ್ರಾಣಭಯದ ನಡುವೆ ಈ ಬುದ್ಧಿ ಓಡಿದ್ದನ್ನು ನೋಡಿದರೆ ಇವರು ಹೇಡಿಗಳಾಗಿದ್ದರೆಂಬ ಮಾತನ್ನು ನಂಬುವುದು ಕಷ್ಟ.

ಫ್ರಾನ್ಸಿನಲ್ಲಿ ಆಜ್ಞೆ ಪಾಲಿಸದವರನ್ನು ಕೈಗಳನ್ನು ಚಾಚಿಸಿ ಬೇಲಿಗೋ ಮರದ ಚೌಕಟ್ಟಿಗೋ ಗಂಟೆಗಟ್ಟಲೆ ಕಟ್ಟಿನಿಲ್ಲಿಸುವ ಶಿಕ್ಷೆಯಿತ್ತು. ಅದಕ್ಕೂ ಜಗ್ಗದಿದ್ದಾಗ ಜೂನ್ ತಿಂಗಳಲ್ಲಿ ಸೇನಾ ನ್ಯಾಯಾಲಯ ನಡೆಯಿತು. ಬೂಲೋನಿನ ಹತ್ತಿರದ ಶಿಬಿರದಲ್ಲಿ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬನನ್ನೇ ಮುಂದಕ್ಕೆ ಕರೆದು ತೀರ್ಪನ್ನು ಓದಿದರು. ಗುಂಡಿಕ್ಕಿ ಕೊಲ್ಲತಕ್ಕದ್ದೆಂದು ಶಿಕ್ಷೆ. ಓದುವವನು ಸ್ವಲ್ಪ ನಿಂತನು. ಸೇನಾಪತಿ ಹೇಗ್ ಅವರು ಇದನ್ನು ಸ್ಥಿರಪಡಿಸಿದ್ದಾರೆ ಎಂದನು. ಮತ್ತೆ ನಿಂತನು. ಆಮೇಲೆ, ಹತ್ತು ವರ್ಷಗಳ ಕಠಿಣ ಸಜೆಗೆ ಇಳಿಸಿದ್ದಾರೆ ಎಂದು ಮುಗಿಸಿದನು. ಒಟ್ಟು 35 ಜನರಿಗೆ ಹೀಗೆ ಮರಣದಂಡನೆಯಾಗಿ, ಹೀಗೆಯೇ ಇಳಿಯಿತು. ಮಂತ್ರಿಮಂಡಲದ ಒಪ್ಪಿಗೆಯಿಲ್ಲದೆ ಇಂಥವರಲ್ಲಿ ಯಾರನ್ನೂ ಕೊಲ್ಲಕೂಡದೆಂದು ಪ್ರಧಾನಿ ಆಸ್ಕ್ವಿತ್ ಸೇನೆಗೆ ಸೂಚನೆ ಕಳುಹಿಸಿದ್ದರು. ಮುಂದೆ ಬಂದು ನಿಂತವರಿಗೆ ಅದು ಗೊತ್ತಿರಲಿಲ್ಲ. ಆ ಎರಡು ವಿರಾಮಗಳ ಅವಧಿಯಲ್ಲಿ ಅವರು ಸತ್ತವರೇ ಆಗಿದ್ದರು.

ಊರಿನಲ್ಲಿ ಉಳಿದವರ ಪಾಡು ಬೇರೆ ತರಹದ್ದು. ಆಜ್ಞೆ ಮೀರಿದ್ದಕ್ಕೆ ಸಜೆ. ಸಜೆ ಮುಗಿಯುತ್ತಲೇ ಮತ್ತೆ ಶಿಬಿರಕ್ಕೆ. ಅಲ್ಲಿ ಮತ್ತೆ ಸಮವಸ್ತ್ರವನ್ನು ತೊಡಲೊಲ್ಲೆನೆಂದದ್ದಕ್ಕೆ ಇನ್ನೊಂದು ಸಜೆ. ಅಪರಾಧ ಒಂದೇ, ಶಿಕ್ಷೆ ಮಾತ್ರ ಮೂರು, ನಾಲ್ಕು. ಸೆರೆಮನೆಯೊಳಗೆ ಮಾತಾಡಕೂಡದೆಂಬ ನಿಯಮ. ಸೆರೆಯಲ್ಲಿ, ಅಥವಾ ಅದರ ಪರಿಣಾಮವಾಗಿ, ಸತ್ತವರು ಎಪ್ಪತ್ತಕ್ಕೂ ಹೆಚ್ಚು. ಕಲ್ಕತ್ತೆಯಲ್ಲಿ ಹುಟ್ಟಿ, ಮುಂದೆ ಭಾರತದ ಸ್ವಾತಂತ್ರ್ಯಕ್ಕಾಗಿ ಪಾರ್ಲಿಮೆಂಟಿನಲ್ಲಿ ವಾದಿಸಿದ ಫೆನ್ನರ್ ಬ್ರಾಕ್‌ವೇ ಈ ಸಜೆಗಳನ್ನು ಅನುಭವಿಸಿದವರಲ್ಲೊಬ್ಬರು. ಎವರೆಟ್ ಎಂಬ ಉಪಾಧ್ಯಾಯನಿಗೆ ಎರಡು ವರ್ಷಗಳ ಕಠಿಣ ಸಜೆಯಾದುದನ್ನು ಖಂಡಿಸುವ ಕರಪತ್ರವೊಂದು ಹೊರಟು, ಅದನ್ನು ಹಂಚಿದವರನ್ನು ಪೊಲೀಸರು ಹಿಡಿಯತೊಡಗಿದಾಗ, ಬರೆದವನು ನಾನೇ ಎಂದು ಪತ್ರಿಕೆಗೆ ಕಾಗದ ಬರೆದವರು ಬರ್ಟ್ರಂಡ್ ರಸೆಲ್. ಅವರಿಗೆ ನೂರು ಪೌಂಡು ದಂಡ ಬಿತ್ತು. ಟ್ರಿನಿಟಿ ಕಾಲೇಜು ಅವರನ್ನು ಕೆಲಸದಿಂದ ತೆಗೆಯಿತು. ವಿದ್ಯಾಸಂಸ್ಥೆಗಳು ಇಂಥ ಸಮಯದಲ್ಲಿ ಸರ್ಕಾರಕ್ಕಿಂತ ಒಂದು ಹೆಜ್ಜೆ ಮುಂದಿರಲು ಆತುರಪಡುವುದು ಎಲ್ಲ ದೇಶಗಳಲ್ಲಿಯೂ ಕಂಡ ಸಂಗತಿ. 1918ರಲ್ಲಿ ಯುದ್ಧ ನಿಂತಿತು. ಆದರೆ ಸೆರೆಯಲ್ಲಿದ್ದವರಲ್ಲಿ ಕೊನೆಯವರು ಹೊರಬಂದದ್ದು 1919ರಲ್ಲಿ. ಹೊರಬಂದವರಿಗೆ ಐದು ವರ್ಷ ಮತದಾನದ ಹಕ್ಕಿಲ್ಲವೆಂದು 1918ರ ಕಾನೂನೇ ಹೇಳಿತ್ತು. ಅದೇ ಕಾನೂನು ಬ್ರಿಟನ್ನಿನ ಸ್ತ್ರೀಯರಿಗೆ ಮೊದಲ ಬಾರಿಗೆ ಮತಾಧಿಕಾರ ಕೊಟ್ಟ ಕಾನೂನು.

ಇಷ್ಟನ್ನು ಮಾಡಿದ ದೇಶ ಇಪ್ಪತ್ತೊಂದು ವರ್ಷಗಳ ಮೇಲೆ ಮತ್ತೆ ಅದೇ ಶತ್ರುವಿನ ಎದುರು ನಿಂತಿತು. 1939ರಲ್ಲಿ ಕಡ್ಡಾಯ ಸೇವೆಯ ಮಸೂದೆಯನ್ನು ತಂದ ಪ್ರಧಾನಿ ನೆವಿಲ್ ಚೇಂಬರ್‌ಲೇನ್, ಹಿಂದಿನ ಯುದ್ಧದಲ್ಲಿ ಇಂಥ ಮಂಡಲಿಗಳ ಕೆಲಸವನ್ನು ಹತ್ತಿರದಿಂದ ಕಂಡವರು. ನಂಬಿಕೆಗೆ ವಿರುದ್ಧವಾಗಿ ನಡೆಯುವಂತೆ ಇಂಥವರನ್ನು ಬಲಾತ್ಕರಿಸಹೊರಡುವುದು ನಿಷ್ಪ್ರಯೋಜಕ, ಕಾಲಹರಣ ಎಂದು ಅವರು ಪಾರ್ಲಿಮೆಂಟಿನಲ್ಲಿ ಬಿಚ್ಚಿ ಹೇಳಿದರು. ಅವರ ಮಾತಿನಲ್ಲಿ ಆದರ್ಶದ ಸೊಗಸೇನೂ ಇಲ್ಲ. ಲೆಕ್ಕ ತಿಳಿದ ಆಡಳಿತಗಾರನ ವಿವೇಕವಿದೆ. ಹೊಸ ಮಂಡಲಿಗಳಿಗೆ ನ್ಯಾಯಾಧೀಶರು ಅಧ್ಯಕ್ಷರಾದರು. ಸೇನೆಯ ಪ್ರತಿನಿಧಿಗೆ ಅಲ್ಲಿ ಸ್ಥಾನವಿಲ್ಲದಾಯಿತು. ಕಾರ್ಮಿಕ ಸಂಘಗಳ ಕಡೆಯವರಿಗೂ ಪೀಠ ದೊರೆಯಿತು. ದೇವರನ್ನು ನಂಬದವನ ಆಕ್ಷೇಪಕ್ಕೂ ಬೆಲೆ ಬಂದಿತು. ಮೂರು ತಿಂಗಳೋ ಹೆಚ್ಚೋ ಸಜೆ ಅನುಭವಿಸಿದವನು ಮೇಲಿನ ಮಂಡಲಿಗೆ ಮತ್ತೆ ಅರ್ಜಿ ಹಾಕಬಹುದೆಂದು ಮಾಡಿ, ಒಂದೇ ತಪ್ಪಿಗೆ ಮತ್ತೆ ಮತ್ತೆ ಸೆರೆಮನೆಗೆ ಎಳೆಯುವ ಆಟವನ್ನು ಬಹಳ ಮಟ್ಟಿಗೆ ನಿಲ್ಲಿಸಿದರು.

ಆ ಯುದ್ಧದಲ್ಲಿ ಆಕ್ಷೇಪಿಸಿದವರು ಅರವತ್ತು ಸಾವಿರದಷ್ಟು. ಯಾವ ಷರತ್ತೂ ಇಲ್ಲದೆ ಬಿಡುಗಡೆ ಪಡೆದವರು ನೂರಕ್ಕೆ ಐವರೂ ಇರಲಿಲ್ಲ. ಬಹುಜನರಿಗೆ ಬೇಸಾಯ, ಆಸ್ಪತ್ರೆ, ಬೆಂಕಿ ಆರಿಸುವ ಕೆಲಸಗಳು ಗೊತ್ತಾದವು. ಹತ್ತರಲ್ಲಿ ಮೂವರ ಅರ್ಜಿ ತಿರಸ್ಕೃತವಾಯಿತು. ಎಲ್ಲವೂ ಸುಗಮವಾಗಿತ್ತೆಂದು ಹೇಳುವಂತಿಲ್ಲ. ಅನೇಕ ಪುರಸಭೆಗಳು ತಮ್ಮ ನೌಕರರಲ್ಲಿ ಆಕ್ಷೇಪಿಸಿದವರನ್ನು ಹೊರಗೆ ಹಾಕಿದವು. ಬಿ.ಬಿ.ಸಿ. ಶಾಂತಿವಾದಿ ಕಲಾವಿದರಿಗೆ ಬಾಗಿಲು ಮುಚ್ಚಿತು. ತಾನು ಶಾಂತಿವಾದಿಯಲ್ಲದಿದ್ದರೂ ಸಂಗೀತಗಾರ ವಾನ್ ವಿಲಿಯಮ್ಸ್ ಅದನ್ನು ಪ್ರತಿಭಟಿಸಿದರು. ಪ್ರಧಾನಿಯಾಗಿದ್ದ ಚರ್ಚಿಲ್ 1941ರ ಮಾರ್ಚಿಯಲ್ಲಿ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಮನಸ್ಸಾಕ್ಷಿಯವರಿಗೆ ಕೊಟ್ಟ ಹಕ್ಕು ಬ್ರಿಟಿಷ್ ನೀತಿಯ ಒಂದು ನಿಶ್ಚಿತ ಭಾಗವೆಂದೂ, ಅವರ ಬೇಟೆಯಾಡುವುದು ಬ್ರಿಟಿಷ್ ಜನಕ್ಕೆ ಹೇಸಿಗೆಯೆಂದೂ ಹೇಳಿದರು. ಚರ್ಚಿಲ್ಲರ ಮಾತನ್ನು ಮೆಚ್ಚಿ ಬರೆಯುವುದು ಭಾರತೀಯನಿಗೆ ಸುಲಭವಲ್ಲ. ಈ ಒಂದು ಮಾತಿಗೆ ಮಾತ್ರ ಮನಸ್ಸು ಒಪ್ಪುತ್ತದೆ.

ವಾಚಕರು ಇಲ್ಲಿ ಕಾಲವನ್ನು ಗಮನಿಸಬೇಕು. 1916ರಲ್ಲಿ ಬ್ರಿಟನ್ನಿನ ನೆಲಕ್ಕೆ ಶತ್ರು ಕಾಲಿಡುವ ಸಂಭವವಿರಲಿಲ್ಲ. 1941ರ ಮಾರ್ಚಿಯಲ್ಲಿ ಫ್ರಾನ್ಸು ಬಿದ್ದುಹೋಗಿತ್ತು; ಲಂಡನ್ನಿನ ಮೇಲೆ ತಿಂಗಳುಗಳಿಂದ ಬಾಂಬುಗಳು ಬೀಳುತ್ತಿದ್ದವು; ಅಮೆರಿಕವಾಗಲಿ ರಷ್ಯವಾಗಲಿ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಅಪಾಯ ಕಡಮೆಯಿದ್ದಾಗ ಈ ದೇಶ ತನ್ನ ಒಲ್ಲದವರನ್ನು ಹಿಂಸಿಸಿತು. ಅಪಾಯ ಕತ್ತಿನವರೆಗೆ ಬಂದಾಗ ಅವರಿಗೆ ದಾರಿಬಿಟ್ಟಿತು. ದೇಶದ ಪ್ರಾಣವೇ ಹೋಗುವಾಗ ಮನಸ್ಸಾಕ್ಷಿಯನ್ನು ವಿಚಾರಿಸಲು ಪುರಸತ್ತೆಲ್ಲಿ ಎಂಬ ವಾದವನ್ನು ಯಾರಾದರೂ ಮುಂದಿಟ್ಟಾಗ ನೆನೆಯಬೇಕಾದ ಸಂಗತಿಯಿದು. ಆ ವಾದ ಬಲವಾಗಿ ಕಾಣುತ್ತದೆ. ಚರಿತ್ರೆ ಅದಕ್ಕೆ ಸಾಕ್ಷಿ ಹೇಳುವುದಿಲ್ಲ.

ಅದೇ ಯುದ್ಧದಲ್ಲಿ ಎದುರು ಪಕ್ಷದಲ್ಲಿ ನಡೆದದ್ದನ್ನು ಹೆಚ್ಚು ಹೇಳಬೇಕಾಗಿಲ್ಲ. ಯೆಹೋವನ ಸಾಕ್ಷಿಗಳ ಪಂಥದ ಇನ್ನೂರಕ್ಕೂ ಹೆಚ್ಚು ಜನರನ್ನು ಹಿಟ್ಲರನ ನ್ಯಾಯಾಲಯಗಳು ಇದೇ ಕಾರಣಕ್ಕೆ ಕೊಲ್ಲಿಸಿದವು. ಆಸ್ಟ್ರಿಯದ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್, ಆಸ್ಪತ್ರೆಯ ಸೇವೆಗಾದರೆ ಬರುವೆನೆಂದರೂ ಬಿಡದೆ, 1943ರ ಆಗಸ್ಟ್ 9ರಂದು ಅವನ ತಲೆ ಕತ್ತರಿಸಿದರು. ಹೆಂಡತಿಯೂ ಮೂವರು ಪುಟ್ಟ ಹೆಣ್ಣುಮಕ್ಕಳೂ ಊರಿನಲ್ಲಿದ್ದರು. ಪಾದ್ರಿಗಳೇ ಅವನಿಗೆ ಬುದ್ಧಿ ಹೇಳಿ ಸೇನೆಗೆ ಸೇರೆಂದಿದ್ದರು. 1997ರಲ್ಲಿ ಬರ್ಲಿನ್ನಿನ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. 2007ರಲ್ಲಿ ಚರ್ಚು ಅವನನ್ನು ಧನ್ಯನೆಂದು ಸಾರಿತು. ಈ ಪಾಪದ ನೆನಪಿನಿಂದಲೇ, 1949ರ ಪಶ್ಚಿಮ ಜರ್ಮನಿಯ ಸಂವಿಧಾನ, ಯಾರನ್ನೂ ಮನಸ್ಸಾಕ್ಷಿಗೆ ವಿರುದ್ಧವಾಗಿ ಆಯುಧಸಹಿತ ಯುದ್ಧಸೇವೆಗೆ ಬಲಾತ್ಕರಿಸಕೂಡದೆಂದು ಮೂಲಭೂತ ಹಕ್ಕುಗಳ ಸಾಲಿನಲ್ಲಿಯೇ ಬರೆದಿಟ್ಟುಕೊಂಡಿತು. ಆಗ ಆ ದೇಶಕ್ಕೆ ಸೇನೆಯೇ ಇರಲಿಲ್ಲ.

ಮನಸ್ಸಾಕ್ಷಿಗೆ ಮನ್ನಣೆ ಕೊಟ್ಟ ದೇಶಗಳಲ್ಲಿಯೂ ಒಂದು ಗಂಟು ಬಿಚ್ಚದೆ ಉಳಿದಿದೆ. ಎಲ್ಲ ಯುದ್ಧವನ್ನೂ ಒಲ್ಲೆನೆನ್ನುವವನಿಗೆ ಕಾನೂನಿನಲ್ಲಿ ಜಾಗವುಂಟು. ಈ ಯುದ್ಧವನ್ನು ಮಾತ್ರ ಒಲ್ಲೆನೆನ್ನುವವನಿಗೆ ಇಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1971ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಗಿಲೆಟ್ ಎಂಬವನ ಮೊಕದ್ದಮೆಯಲ್ಲಿ ಹಾಗೆಂದು ತೀರ್ಮಾನಿಸಿತು. ಅದೇ ವರ್ಷ ಮುಷ್ಟಿಮಲ್ಲ ಮಹಮ್ಮದ್ ಅಲಿಯ ಶಿಕ್ಷೆಯನ್ನು ಆ ನ್ಯಾಯಾಲಯ ತೆಗೆದುಹಾಕಿತಾದರೂ, ಅವನ ಅರ್ಜಿಯನ್ನು ಯಾವ ಕಾರಣದಿಂದ ತಿರಸ್ಕರಿಸಿದರೆಂಬುದು ಸ್ಪಷ್ಟವಿಲ್ಲವೆಂಬ ಕಿರಿದಾದ ಆಧಾರದ ಮೇಲೆ ತೆಗೆದುಹಾಕಿತು. 1967ರಲ್ಲಿ ಸೇನೆಗೆ ಸೇರಲೊಲ್ಲೆನೆಂದ ಅವನಿಗೆ ಐದು ವರ್ಷಗಳ ಸಜೆ, ಹತ್ತು ಸಾವಿರ ಡಾಲರ್ ದಂಡ. ಮೇಲ್ಮನವಿಯ ಕಾರಣದಿಂದ ಸೆರೆಮನೆ ತಪ್ಪಿತು, ಆದರೆ ಮಲ್ಲನ ಬಾಳಿನ ಅತ್ಯುತ್ತಮ ವರ್ಷಗಳಲ್ಲಿ ಮೂರಕ್ಕೂ ಹೆಚ್ಚು ಅಖಾಡದ ಹೊರಗೆ ಕಳೆದುಹೋದವು. ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವೂ 2002ರಲ್ಲಿ, ಆಕ್ರಮಿತ ಪ್ರದೇಶದಲ್ಲಿ ಮಾತ್ರ ಕೆಲಸಮಾಡಲೊಲ್ಲೆವೆಂದ ಮೀಸಲು ಸೈನಿಕರ ಮನವಿಯನ್ನು ಇದೇ ರೀತಿ ತಳ್ಳಿಹಾಕಿತು. ಆಯ್ದು ಒಲ್ಲೆನೆನ್ನುವುದಕ್ಕೆ ಅವಕಾಶ ಕೊಟ್ಟರೆ ಸೇನೆಯ ಒಗ್ಗಟ್ಟು ಬಿರಿಯುತ್ತದೆಂಬುದು ಅದರ ಚಿಂತೆ. 2023ರ ಡಿಸೆಂಬರಿನಲ್ಲಿ, ಗಾಜಾ ಯುದ್ಧ ಆರಂಭವಾದ ಮೇಲೆ, ಟೆಲ್ ಅವೀವಿನ ಹದಿನೆಂಟರ ಹುಡುಗನೊಬ್ಬನಿಗೆ ಮೂವತ್ತು ದಿನಗಳ ಸೆರೆಯಾಯಿತು. ಮುಗಿದ ಮೇಲೆ ಮತ್ತೆ, ಆಮೇಲೆ ಮತ್ತೆ. ಒಟ್ಟು ಆರು ತಿಂಗಳಾದ ಮೇಲೆ ಬಿಟ್ಟರು. 1916ರ ಆಟವೇ ಬೇರೊಂದು ಮರುಭೂಮಿಯಲ್ಲಿ ನಡೆದಂತಾಯಿತು.

ಮಹಾಭಾರತವನ್ನು ಓದಿದವರಿಗೆ ಈ ‘ಆಯ್ದು ಒಲ್ಲೆನೆನ್ನುವವನು’ ಅಪರಿಚಿತನಲ್ಲ. ಬಲರಾಮನು ಅಹಿಂಸಾವಾದಿಯಲ್ಲ, ಅವನ ನೇಗಿಲಿಗೂ ಒನಕೆಗೂ ಸಿಕ್ಕಿ ಸತ್ತವರ ಲೆಕ್ಕ ದೊಡ್ಡದು. ಆದರೆ ಎರಡು ಪಕ್ಷದವರೂ ಬೇಕಾದವರಾದ ಈ ಒಂದು ಯುದ್ಧ ಅವನಿಗೆ ಬೇಡವೆನಿಸಿತು, ತೀರ್ಥಯಾತ್ರೆಗೆ ಹೊರಟುಹೋದನು. ಯಾರೂ ಅವನನ್ನು ಮಂಡಲಿಯ ಮುಂದೆ ನಿಲ್ಲಿಸಲಿಲ್ಲ. ಇಂದಿನ ನ್ಯಾಯಾಲಯಗಳಲ್ಲಾದರೆ ಅವನ ಅರ್ಜಿ ಮೊದಲ ಪುಟದಲ್ಲಿಯೇ ಬಿದ್ದುಹೋಗುತ್ತಿತ್ತು. ಅರ್ಜುನನ ವಿಷಯ ಎಲ್ಲರಿಗೂ ಗೊತ್ತು. ಅವನಿಗೆ ಉತ್ತರ ಹೇಳಲು ಹದಿನೇಳು ಅಧ್ಯಾಯಗಳು ಬೇಕಾದವು. ಕೊನೆಗೆ ಅವನನ್ನು ಎಬ್ಬಿಸಿದ್ದು ವಾದ. ಯಾರೂ ಅವನಿಗೆ ಸೆರೆಮನೆಯ ಬೆದರಿಕೆ ಹಾಕಲಿಲ್ಲ. ನನಗೆ ತೋರುವಂತೆ, ಎಲ್ಲ ಯುದ್ಧವನ್ನೂ ಒಂದೇ ಸಮನೆ ಒಲ್ಲೆನೆನ್ನುವವನಿಗಿಂತ, ನ್ಯಾಯವಾದುದನ್ನೂ ಅನ್ಯಾಯವಾದುದನ್ನೂ ಬೇರ್ಪಡಿಸಿ ನೋಡುವವನ ಮನಸ್ಸಾಕ್ಷಿ ಹೆಚ್ಚು ಕೆಲಸ ಮಾಡಿರುತ್ತದೆ. ಕಾನೂನಿಗೆ ಭಯವಿರುವುದು ಆ ಕೆಲಸದ ವಿಷಯದಲ್ಲಿಯೇ.

ಬದಲಿ ಸೇವೆಯನ್ನು ಕೊಟ್ಟರೂ ಅದನ್ನು ಶಿಕ್ಷೆಯನ್ನಾಗಿ ಮಾಡಬಹುದು. 1953ರ ಕದನವಿರಾಮದ ಮೇಲೆ ಶಾಂತಿಸಂಧಾನವೇ ಆಗದೆ ಉಳಿದ ದಕ್ಷಿಣ ಕೊರಿಯದಲ್ಲಿ, ಹತ್ತೊಂಬತ್ತು ಸಾವಿರದಷ್ಟು ಯುವಕರು ದಶಕಗಳ ಅವಧಿಯಲ್ಲಿ ಇದೇ ಕಾರಣಕ್ಕೆ ಸೆರೆಗೆ ಹೋದರು. 2018ರ ಜೂನಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಬದಲಿ ಸೇವೆ ಇಲ್ಲದಿರುವುದು ತಪ್ಪೆಂದಿತು. 2020ರಲ್ಲಿ ಬದಲಿ ಸೇವೆ ಬಂದಿತು. ಸೇನೆಯಲ್ಲಿ ಹದಿನೆಂಟು ತಿಂಗಳಾದರೆ ಇಲ್ಲಿ ಮೂವತ್ತಾರು. ಇರಬೇಕಾದ ಸ್ಥಳ ಸೆರೆಮನೆಯೇ, ಕೈದಿಯಾಗಿ ಅಲ್ಲ, ಅಡಿಗೆ ಮತ್ತು ಸಾಮಾನಿನ ಕೆಲಸದವನಾಗಿ! ಇದೂ ಒಂದು ಸುಧಾರಣೆಯೇ ಎನ್ನಬೇಕಾದರೆ ಎರಿಟ್ರಿಯವನ್ನು ನೋಡಬೇಕು. 1994ರ ಸೆಪ್ಟೆಂಬರಿನಲ್ಲಿ ಹಿಡಿದ ಮೂವರನ್ನು ಅಲ್ಲಿ ವಿಚಾರಣೆಯಿಲ್ಲದೆ ಇಪ್ಪತ್ತಾರು ವರ್ಷ ಸೆರೆಯಲ್ಲಿಟ್ಟು 2020ರ ಡಿಸೆಂಬರಿನಲ್ಲಿ ಬಿಟ್ಟರು.

ನಮ್ಮ ದೇಶದಲ್ಲಿ ಕಡ್ಡಾಯ ಸೇನಾಸೇವೆಯಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಪ್ಪತ್ತೈದು ಲಕ್ಷ ಭಾರತೀಯರು ಹೋರಾಡಿದ್ದೂ ಸ್ವಇಚ್ಛೆಯ ಭರ್ತಿಯಿಂದ. ಸ್ವಇಚ್ಛೆಯೊಳಗೆ ಹೊಟ್ಟೆಯ ಪಾ‌ಲೆಷ್ಟೆಂಬುದು ಬೇರೆ ಮಾತು. ಆದ್ದರಿಂದ ಈ ಪ್ರಶ್ನೆ ನಮ್ಮನ್ನು ನೇರವಾಗಿ ತಟ್ಟಿಲ್ಲ. ಗಾಂಧೀಜಿಯವರ ನಾಡಿನಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿಯೇ ಇದೆಯೆಂದು ಭಾವಿಸುವವರು, ಅವರು 1918ರಲ್ಲಿ ಖೇಡಾ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ನಡೆದು ಬ್ರಿಟಿಷ್ ಸೇನೆಗೆ ಜನರನ್ನು ಕರೆದುದನ್ನು ಮರೆಯುತ್ತಾರೆ. ಜನ ಬರಲಿಲ್ಲ. 1940ರಲ್ಲಿ ಅವರೇ ವೈಯಕ್ತಿಕ ಸತ್ಯಾಗ್ರಹವನ್ನು ಆರಂಭಿಸಿ, ಯುದ್ಧಪ್ರಯತ್ನಕ್ಕೆ ವಿರುದ್ಧವಾಗಿ ಮಾತಾಡುವ ಹಕ್ಕಿಗಾಗಿ ಒಬ್ಬೊಬ್ಬರನ್ನೇ ಕಳುಹಿಸಿದರು. ಅಕ್ಟೋಬರ್ 17ರಂದು ವಿನೋಬಾ ಮೊದಲಿಗರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೆರೆಮನೆ ಸೇರಿದರು. ಸ್ವತಂತ್ರ ಭಾರತದ ಸಂವಿಧಾನದ 25ನೆಯ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಕೊಡುತ್ತದೆ. 23ನೆಯ ವಿಧಿಯ ಎರಡನೆಯ ಖಂಡ ಸಾರ್ವಜನಿಕ ಉದ್ದೇಶಗಳಿಗಾಗಿ ಕಡ್ಡಾಯ ಸೇವೆಯನ್ನು ವಿಧಿಸಲು ಸರ್ಕಾರಕ್ಕೆ ಅಧಿಕಾರವಿಟ್ಟಿದೆ. ಈ ಎರಡು ಮಾತುಗಳು ಮುಖಾಮುಖಿಯಾಗುವ ಪ್ರಸಂಗ ಬಂದಿಲ್ಲ. ಹತ್ತಿರದ ಪ್ರಸಂಗವೆಂದರೆ 1986ರ ಕೇರಳದ ಮೊಕದ್ದಮೆ: ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ನಂಬಿಕೆಯ ಕಾರಣದಿಂದ ಹಾಡದೆ ಉಳಿದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದದ್ದು ತಪ್ಪೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದು ಶಾಂತಿಕಾಲದ ತೀರ್ಪು.

ಯುಕ್ರೇನಿನ ಕಡೆಗೆ ಮತ್ತೆ ತಿರುಗಿದರೆ, ಅಲ್ಲಿಯ ಕಷ್ಟವನ್ನು ಹಗುರವಾಗಿ ಕಾಣುವಂತಿಲ್ಲ. ದಾಳಿ ಮಾಡಿದ್ದು ಅದಲ್ಲ, ದಾಳಿಗೆ ಸಿಕ್ಕಿದ್ದು. ಕಂದಕಕ್ಕೆ ಹೋದವನು ವರ್ಷಗಟ್ಟಲೆ ಅಲ್ಲಿಯೇ ಉಳಿಯುವಂತಾದಾಗ, ನನ್ನ ಮಗ ಹೋದನಲ್ಲ, ನಿನ್ನ ಮನಸ್ಸಾಕ್ಷಿಗೇನು ಬೆಲೆ ಹೆಚ್ಚೇ ಎಂದು ಒಬ್ಬ ತಾಯಿ ಕೇಳಿದರೆ, ದೂರದಲ್ಲಿ ಕುಳಿತ ನಮಗೆ ಅದಕ್ಕೆ ಅಡ್ಡಮಾತು ಸುಲಭವಾಗಿ ಹೊಳೆಯದು. ಹಾಗಿದ್ದರೂ ಅಲ್ಲಿ ಶಿಕ್ಷೆಗೆ ಗುರಿಯಾದವರಲ್ಲಿ ಒಬ್ಬನ ಸಂಗತಿಯನ್ನು ನೋಡಿ. ಯುದ್ಧದ ನೆಲೆಯಾದ ಪೂರ್ವಪ್ರಾಂತವನ್ನು ಬಿಟ್ಟು ಪಶ್ಚಿಮದ ಇವಾನೊ ಫ್ರಾಂಕಿವ್ಸ್ಕಿಗೆ ಬಂದ ಒಬ್ಬ ಪ್ರಾಟೆಸ್ಟೆಂಟ್ ಕ್ರೈಸ್ತನು ಕರೆ ಬಂದಾಗ ಓಡಿಹೋಗಲಿಲ್ಲ. ಕಚೇರಿಗೆ ಹೋಗಿ ಬದಲಿ ಸೇವೆಯನ್ನು ಕೇಳಿದನು. ತರುಣನಾಗಿದ್ದಾಗ ಉಜ್ಬೆಕಿಸ್ತಾನದಲ್ಲಿ ಅವನು ಅಂಥ ಸೇವೆಯನ್ನು ಸಲ್ಲಿಸಿದ್ದುಂಟು. ಇಲ್ಲಿ ಒಂದು ವರ್ಷದ ಸಜೆ ದೊರೆಯಿತು. 2023ರ ಮೇ ತಿಂಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ ಮರುವಿಚಾರಣೆಗೆ ಆಜ್ಞಾಪಿಸಿತು. ಮುಂದೆ ಇಂಥ ಇನ್ನೊಬ್ಬನ ದೂರು ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು. ಆ ನ್ಯಾಯಾಲಯ ಯೂರೋಪಿನ ವೆನಿಸ್ ಆಯೋಗದ ಅಭಿಪ್ರಾಯವನ್ನು ಕೇಳಿತು. 2025ರ ಮಾರ್ಚಿಯಲ್ಲಿ ಆಯೋಗ ಉತ್ತರಿಸಿತು. ದೇಶರಕ್ಷಣೆಯ ಯುದ್ಧದಲ್ಲಿಯೂ ಮನಸ್ಸಾಕ್ಷಿಯಿಂದ ಒಲ್ಲೆನೆನ್ನುವವನ ಕೈಗೆ ಬಲವಂತದಿಂದ ಆಯುಧವನ್ನು ಕೊಡಕೂಡದು ಎಂಬುದು ಅದರ ಸಾರ. ಬೇರೆ ಸೇವೆಯನ್ನು ಕೇಳಬಾರದೆಂದು ಆಯೋಗವೇನೂ ಹೇಳಲಿಲ್ಲ.

ಲಿಥುವೇನಿಯ 2015ರಲ್ಲಿ, ಸ್ವೀಡನ್ 2017ರಲ್ಲಿ, ಲ್ಯಾಟ್ವಿಯ 2023ರಲ್ಲಿ ಕಡ್ಡಾಯ ಸೇವೆಯನ್ನು ಮತ್ತೆ ತಂದಿವೆ. ಆದ್ದರಿಂದ ಆ ತಾಯಿಯ ಪ್ರಶ್ನೆ ಇನ್ನೂ ಹಲವು ಊರುಗಳಲ್ಲಿ ಎದ್ದೀತು. ಸಾವಿನ ಪಾಲನ್ನು ಹಂಚಿಕೊಳ್ಳಲು ಒಪ್ಪುವೆಯಾ ಎಂದು ಕೇಳಿದರೆ ಒಲ್ಲದವರು ಏನೆನ್ನುತ್ತಾರೆಂಬುದು 1940ರ ಬ್ರಿಟನ್ನಿನಲ್ಲಿ ಕಂಡಿದೆ. ಬೀದಿಗಳಲ್ಲಿ ಬಿದ್ದು ಸಿಡಿಯದೆ ನೆಲದೊಳಗೆ ಹೂತುಹೋದ ಬಾಂಬುಗಳನ್ನು ಅಗೆದು ತೆಗೆಯುವ ಕೆಲಸಕ್ಕೆ ಜನ ಬೇಕೆಂದಾಗ, ಸೇನೆಯ ನಿರಾಯುಧ ದಳದಲ್ಲಿದ್ದ ಈ ಜನರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ತಾವಾಗಿಯೇ ಹೆಸರು ಕೊಟ್ಟರು. ಇನ್ನು ಕೆಲವರು ಆಕಾಶದಿಂದ ಧುಮುಕುವ ಗಾಯಾಳುಸೇವಾ ದಳವನ್ನು ಸೇರಿ, 1944ರ ಜೂನ್ 6ರಂದು ಬೆಳಗಾಗುವ ಮೊದಲೇ ನಾರ್ಮಂಡಿಯ ಕತ್ತಲೆಯಲ್ಲಿ ಸೈನಿಕರೊಡನೆ ಇಳಿದರು. ಅವರ ಬೆನ್ನಿನ ಮೇಲಿದ್ದದ್ದು ಔಷಧದ ಚೀಲ.